ಭಾವನ ಲಿಫ್ಟಿಗೆ ಬೀಗ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಈ ಪತ್ರ ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲ ಎದ್ದೆ. ಫೋನ್ ಸದ್ದಾದರೆ ನೀನೇ ಇರಬಹುದೆಂದು ಎದೆ ಧಸಕ್ಕೆನ್ನುತ್ತದೆ. ನೀನಲ್ಲವೆಂದು ತಿಳಿದರೆ ಅಳು ಬರುತ್ತದೆ.

ಮಂಗಳವಾರ ಭಾವನ ಕಟ್ಟಡದ ಲಿಫ್ಟ್ ತಪಾಸಣೆಗೆ ಇಲಾಖೆಯವರು ನನ್ನನ್ನೇ ಕಳಿಸಿದ್ದರು. ಅಲ್ಲಿ ನಡೆದದ್ದನ್ನು ಭಾವ ತಮ್ಮ ರೀತಿಯಲ್ಲಿ ಹೇಳಿರುತ್ತಾರೆ, ನನ್ನದನ್ನೂ ಕೇಳು. ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗದ ಮೇಲೆ ಬಟ್ಟೆ ಸವರಿ ನೋಡಿದೆ. ಬಟ್ಟೆ ಮೂರು ಕಡೆ ಸಿಕ್ಕಿಕೊಂಡು ಹರಿಯಿತು. ಹಗ್ಗದ ಎಳೆಗಳು ಕಿತ್ತುಹೋಗಿ ಮುಳ್ಳಿನಂತೆ ಎದ್ದಿದ್ದವು. ಭಾವ ನಕ್ಕು, "ನೀನು ನಮ್ಮನೆ ಹುಡುಗಿ. ಈಗ ಸರಿಯಿದೆ ಅಂತ ಸಹಿ ಹಾಕು, ಮುಂದಿನ ತಿಂಗಳು ಹಗ್ಗ ಬದಲಾಯಿಸ್ತೀನಿ" ಅಂದರು. ನನ್ನ ಬಾಯಿ ರೂಢಿಯಂತೆ "ಆಯ್ತು ಭಾವ" ಅಂದೇಬಿಟ್ಟಿತು. ಪೆನ್ನೂ ತೆಗೆದೆ.

ನಿನಗೆ ಗೊತ್ತಲ್ಲ, ಯಾರ ಮುಖ ಸಪ್ಪಗಾದರೂ ನಾನು ತಡೆಯಲಾರೆ. ಚರ್ಚಿನ ಸಭೆಯಲ್ಲಿ ನನ್ನನ್ನು ಕರ್ತನ ದಾಸಿ ಎಂದು ಹೊಗಳುತ್ತಾರೆ. ನಿಜಕ್ಕೂ ನಾನು ಕಂಡಕಂಡವರ ದಾಸಿಯಾಗಿದ್ದೆ; ಹೆದರಿಕೆಗೆ ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೆ.

ಅಷ್ಟರಲ್ಲಿ ಐದನೇ ಮಹಡಿಯ ಅಜ್ಜಿಯೊಬ್ಬರು ತರಕಾರಿ ಚೀಲ ಹಿಡಿದು ಬಂದು, "ಹತ್ತಬಹುದೇನಮ್ಮ?" ಎಂದು ನನ್ನನ್ನೇ ಕೇಳಿದರು. ಯೇಸುವೇ, ಒಂದೇ ಒಂದು ನಿಜ ನನ್ನ ಬಾಯಿಂದ ಹೊರಡಿಸು ಎಂದು ಒಳಗೇ ಬೇಡಿಕೊಂಡೆ.

"ಹತ್ತಬೇಡಿ ಅಮ್ಮ" ಅಂದೆ. ಲಿಫ್ಟಿಗೆ ಬೀಗ ಹಾಕಿ ಮುದ್ರೆ ಒತ್ತಿದೆ.

"ಹಾಗಾದ್ರೆ ನೀನೂ ನಮ್ಮನೆ ಮೆಟ್ಟಿಲು ಹತ್ತಬೇಡ" ಅಂದರು ಭಾವ.

ಧೈರ್ಯ ಬಂತೆಂದು ತಿಳಿಯಬೇಡ. ಅಜ್ಜಿಯ ಚೀಲ ಹೊತ್ತು ಐದು ಮಹಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ಕೆಳಗಿಳಿದು ಬೀಗ ತೆಗೆದುಬಿಡಲೇ ಅನ್ನಿಸುತ್ತಿತ್ತು. ನೆಮ್ಮದಿಯೂ ಬಂದಿಲ್ಲ. ನಿನ್ನೆ ಭಾವನಿಗೆ ಕ್ಷಮಾಪಣೆ ಬರೆದು, ಹರಿದುಹಾಕಿದೆ. ಮತ್ತೆ ಬರೆಯಲು ಕೈ ಹೋಗುತ್ತದೆ. ಎದ್ದು ಪಾತ್ರೆ ತೊಳೆಯುತ್ತೇನೆ, ಪ್ರಾರ್ಥಿಸುತ್ತೇನೆ, ತೊಳೆದದ್ದನ್ನೇ ತೊಳೆಯುತ್ತೇನೆ. ನೀನು ಮುನಿಸಿಕೊಂಡರೆ ನನಗೆ ಅನ್ನ ಇಳಿಯುವುದಿಲ್ಲ ಅಕ್ಕಾ. ಆದರೂ ಅದಕ್ಕಾಗಿ ಸುಳ್ಳಿಗೆ ಸಹಿ ಹಾಕಲಾರೆ.

ಬೈದಾದರೂ ಒಂದು ಸಾಲು ಬರೆ.

ಇಂತಿ,
ನಿನ್ನ ತಂಗಿ

ಇದು ಮರೆತದ್ದಲ್ಲ, ಮೇಲೆ ಬರೆಯಲು ಹೆದರಿದ್ದು: ಕಳೆದ ವರ್ಷವೂ ಆ ಹಗ್ಗದ ಎಳೆಗಳು ಕಿತ್ತುಹೋಗಿದ್ದವು. ನೀನು ಫೋನಿನಲ್ಲಿ "ಹಾಕಿಕೊಡು" ಎಂದು ಒಂದು ಮಾತು ಹೇಳಿದ್ದಕ್ಕೆ ಸಹಿ ಹಾಕಿದ್ದೆ. ಇಂದು ಬೆಳಿಗ್ಗೆ ಅದನ್ನು ಮೇಲಧಿಕಾರಿಗೆ ಬರೆದುಕೊಟ್ಟೆ. ನಿನ್ನ ಹೆಸರು ಎತ್ತಲಿಲ್ಲ. ಬೇಡ ಎನ್ನಬೇಕಾದವಳು ನಾನಾಗಿದ್ದೆ. ಕೆಲಸ ಉಳಿಯುತ್ತದೋ ಇಲ್ಲವೋ ಸೋಮವಾರ ತಿಳಿಯುತ್ತದೆ.