ಚಪ್ಪಾಳೆ ತಟ್ಟಿದವರು

ಮನೆಯಿಂದ,
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಚೂಟಿ,

ಹೇಗಿದ್ದೀಯ ಮಗಳೇ? ಬೆನ್ನು ನೋವು ಇಳಿಯಿತೇ? ಮಗ್ಗುಲಾಗಿಯೇ ಮಲಗುತ್ತೀಯ ತಾನೇ? ಬಾಲಮಂದಿರದ ಊಟ ಸಪ್ಪೆ ಎಂದು ತಟ್ಟೆ ಸರಿಸಬೇಡ, ಹೊಟ್ಟೆಯ ಮೇಲೆ ಕೋಪ ತೀರಿಸಿಕೊಂಡರೆ ಸೊರಗುವುದು ನೀನೇ. ಇಲ್ಲಿ ನಾವು ಇದ್ದೇವೆ, ಅಷ್ಟೇ. ನಿನ್ನಜ್ಜಿ ದಿನವೂ ಬಾಗಿಲಲ್ಲಿ ಕುಳಿತು, "ಊರಿಗೆ ಉಪಕಾರಿ, ಮನೆಗೆ ಮಾರಿ! ಬರ್ಲಿ ಅವಳು, ಕಿವಿ ಹಿಂಡ್ತೀನಿ" ಎಂದು ಬೈಯುತ್ತಾಳೆ. ಬೈದು ಮುಗಿದ ಮೇಲೆ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾಳೆ. ನಾನು ನೋಡದವಳಂತೆ ಹೊಲಿಗೆ ಮಿಷನ್ ತುಳಿಯುತ್ತೇನೆ.

ದರ್ಜಿಯ ಮಗಳಿಗೆ ಸಿನಿಮಾದಲ್ಲಿ ಡೂಪ್ ಕೆಲಸ ಸಿಕ್ಕಿತೆಂದು ನಾವಿಬ್ಬರೂ ಎಷ್ಟು ಕುಣಿದೆವು! ಕುದುರೆಯಿಂದ ಬೀಳುವುದು, ಗೋಡೆ ಹಾರುವುದು ಎಲ್ಲ ನಿನ್ನದು, ಮುಖ ಮಾತ್ರ ನಾಯಕಿಯದು. ಒಂದೇ ತಾನಿನ ಬಟ್ಟೆಯಲ್ಲಿ ನಿನಗೂ ಅವಳಿಗೂ ಕೆಂಪಂಗಿ ಹೊಲಿದೆ. ಧಣಿಗಳ ಉಗ್ರಾಣ ಒಡೆದು ಹಸಿದವರಿಗೆ ಹಂಚುವ ಹದಿನಾರರ ಡಕಾಯಿತ ಹುಡುಗಿಯ ಆ ಸಿನಿಮಾ ಕಥೆ ನಿನ್ನ ತಲೆಗೇರಿಬಿಟ್ಟಿತ್ತು. "ಎಲ್ರಿಗೂ ಸಮ, ಇಲ್ಲಾಂದ್ರೆ ಯಾರಿಗೂ ಇಲ್ಲ" ಎಂದು ಅಜ್ಜಿಯ ಒಂದೇ ಬಾಳೆಹಣ್ಣನ್ನೂ ಮೂರು ಪಾಲು ಮಾಡುತ್ತಿದ್ದೆ.

ಶೂಟಿಂಗಿನ ಆ ದಿನ ಕಲ್ಲು ಕ್ವಾರಿಯಲ್ಲಿ ತಲೆ ಸಿಡಿಯುವ ಬಿಸಿಲು. ಗುಂಪಿನಲ್ಲಿ ನಿಲ್ಲಲು ಬಂದ ಜನಕ್ಕೆ ಶಾಟ್ ಮುಗಿಯುವ ತನಕ ನೀರಿಲ್ಲವೆಂದು ಸಿನಿಮಾದ ಮ್ಯಾನೇಜರ್ ನೀರಿನ ವ್ಯಾನಿಗೆ ಬೀಗ ಜಡಿದ. "ನೀರು ಕೊಟ್ರೆ ಮುಖ ತೊಳ್ಕೊಂಡ್ಬಿಡ್ತಾರೆ, ಬಳಿದಿರೋ ಧೂಳೆಲ್ಲ ಹೋಗುತ್ತೆ" ಎಂದನಂತೆ. ಒಬ್ಬ ಮುದುಕಿ ಕುಸಿದು ಬಿದ್ದಳು. ನೀನು ಅದೇ ಕೆಂಪಂಗಿಯಲ್ಲಿ ಹೋಗಿ ಕಲ್ಲಿನಿಂದ ಬೀಗ ಒಡೆದೆ, ನೀರಿನ ಕ್ಯಾನುಗಳನ್ನು ಜನರ ನಡುವೆ ಉರುಳಿಸಿದೆ. ಜನ ಚಪ್ಪಾಳೆ ತಟ್ಟಿದರು. ಕಾವಲಿನವರು ದೊಣ್ಣೆ ಹಿಡಿದು ಬಂದು ನಿನ್ನನ್ನು ಬಡಿದರು. ಆಗಲೂ ತಟ್ಟಿದರು. ಡಕಾಯಿತ ಹುಡುಗಿ ಸಿಕ್ಕಿಬೀಳುವ ದೃಶ್ಯ ಎಂದುಕೊಂಡರಂತೆ. 'ಕಟ್' ಎನ್ನುವ ತನಕ ಯಾರೂ ಅಡ್ಡ ಬರಬಾರದೆಂದು ಬೆಳಿಗ್ಗೆಯೇ ಅವರಿಗೆ ತಾಕೀತು ಮಾಡಿದ್ದರಲ್ಲ. ಡೇರೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದ ನನಗೂ ಆ ಸದ್ದು ಕೇಳಿತು. ನನ್ನ ಮಗಳ ಶಾಟ್ ಚೆನ್ನಾಗಿ ಬಂತೆಂದು ಹಿಗ್ಗಿದೆ.

ನೀನು ಕಲ್ಲಿನಿಂದ ತನ್ನ ತಲೆಗೆ ಹೊಡೆದೆ ಎಂದು ಮ್ಯಾನೇಜರ್ ಪೊಲೀಸರಿಗೆ ದೂರು ಕೊಟ್ಟಿದ್ದಾನೆ. ನೀನು ಅವನ ಹತ್ತಿರಕ್ಕೂ ಹೋಗಲಿಲ್ಲವೆಂದು ಹೇಳಲು ಒಬ್ಬರಾದರೂ ಬೇಕು. ಅಂದು ನೀರು ಕುಡಿದವರ ಮನೆಮನೆಗೂ ಅಲೆದೆ. "ನಿಜ ಯಾವ್ದು ನಾಟಕ ಯಾವ್ದು ಅಂತ ನಮಗೇ ಗೊತ್ತಾಗ್ಲಿಲ್ಲ ಅಕ್ಕಾ, ಏನಂತ ಸಾಕ್ಷಿ ಹೇಳೋಣ?" ಎನ್ನುತ್ತಾರೆ. ಹೇಳಿದರೆ ಮತ್ತೆ ಶೂಟಿಂಗಿಗೆ ಕರೆಯುವುದಿಲ್ಲ ಎಂಬ ಭಯವೂ ಇದೆ. ಕುಸಿದು ಬಿದ್ದಿದ್ದ ಆ ಮುದುಕಿಯೊಬ್ಬಳೇ ನನ್ನ ಕೈ ಹಿಡಿದು ಅತ್ತಳು, ಆದರೆ ಎಚ್ಚರ ತಪ್ಪಿದ್ದವಳು ಏನನ್ನು ತಾನೇ ನೋಡಿದ್ದಾಳು? ಯಾರನ್ನೂ ಬೈಯಲು ನನಗೆ ಬಾಯಿ ಬರಲಿಲ್ಲ. ಯಾವ ದಾರಿಯೂ ಕಾಣುತ್ತಿಲ್ಲ ಮಗಳೇ.

ತಲೆ ಬಾಚಿಕೋ. ಸಿಟ್ಟು ಬಂದಾಗ ಉಗುರು ಕಚ್ಚಬೇಡ. ನಿನ್ನ ಕೋಣೆಯ ಹುಡುಗಿಯರಿಗೂ ಒಳ್ಳೆಯದಾಗಲಿ. ಅಜ್ಜಿಯ ಕೈ ನಿನ್ನ ತಲೆಯ ಮೇಲಿದೆ ಎಂದುಕೋ.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಿಸುತ್ತಿದ್ದಾಗ ಮ್ಯಾನೇಜರ್ ಬಂದುಹೋದ. ಅಂದು ಕ್ಯಾಮೆರಾ ಓಡುತ್ತಲೇ ಇತ್ತಂತೆ. ನೀನು ಬೀಗ ಒಡೆದದ್ದು, ಏಟು ತಿಂದದ್ದು, ಜನ ತಟ್ಟಿದ್ದು ಎಲ್ಲ ಅದರಲ್ಲಿದೆ. "ತುಂಬಾ ಸಹಜವಾಗಿ ಬಂದಿದೆ ಅಮ್ಮಾ" ಎಂದು ನನ್ನೆದುರೇ ಹೊಗಳಿದ. ಅದನ್ನೇ ಸಿನಿಮಾದಲ್ಲಿ ಹಾಕಿ ನಾಯಕಿಯ ಮುಖ ಸೇರಿಸುತ್ತಾರಂತೆ. ಅದೆಲ್ಲ ನಟನೆಯೆಂದು ನೀನು ಒಪ್ಪಿದರೆ ದೂರು ವಾಪಸ್, ಇಲ್ಲದಿದ್ದರೆ ನಿನಗಿರುವ ಆ ಒಂದೇ ಸಾಕ್ಷಿಯನ್ನೂ ಅಳಿಸಿಬಿಡುತ್ತಾರೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಅವನ ಮುಖಕ್ಕೆ ಉಗಿಯುತ್ತಿದ್ದೆ. ಆದರೆ ನಾನು ನಿನ್ನ ತಾಯಿ. ನಟನೆ ಎಂದು ಹೇಳಿಬಿಡು ಚೂಟಿ, ಮನೆಗೆ ಬಾ.