ಭಾನುವಾರ ಬಂದರಿಗೆ ಬರುವವಳು

ಜನಕಪುರಿ, ದೆಹಲಿ
19 ನವೆಂಬರ್ 2025, ಬುಧವಾರ

ನಿರೀಕ್ಷಾಳ ಪಪ್ಪನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಗಾಬರಿ ಬೇಡ. ಹೋಟೆಲು ನಡೆಯುತ್ತಿದೆ, ನಾನೂ ನಡೆಯುತ್ತಿದ್ದೇನೆ, ಮಂಡಿ ಮಾತ್ರ ಆಗಾಗ ಮುಷ್ಕರ ಹೂಡುತ್ತದೆ. ವಿಷಯ ಬೇರೆ.

ಭಾನುವಾರ ಬೆಳಿಗ್ಗೆ ನೀವು ಮಂಗಳೂರು ತೋರಿಸಲು ಕರೆದೊಯ್ಯುವ ಗುಂಪಿನಲ್ಲಿ ನಿಮ್ಮ ಮಗಳಿರುತ್ತಾಳೆ. ಸುಳ್ಳು ಹೆಸರು ಕೊಟ್ಟು ಸೇರಿಕೊಂಡಿದ್ದಾಳೆ.

ನಿಮ್ಮ ವೀಡಿಯೊ ಅವಳ ಫೋನಿಗೆ ಅದು ಹೇಗೋ ಬಂತು. ಹಳೆ ಬಂದರಿನ ಗೋದಾಮಿನ ಗೋಡೆ ತಟ್ಟಿ, ಇದು ಯಾರ ವ್ಯಾಪಾರದ ಮಂಡಿ, ಇದರ ಹಂಚು ಯಾವ ಕಾರ್ಖಾನೆಯದು ಎಂದು ಹೇಳುತ್ತೀರಿ. ಕೊನೆಗೆ, ಸುತ್ತಾಟದ ದಾರಿ ಹೇಳುತ್ತಾ, ‘ಬಾವುಟಗುಡ್ಡೆ ಏರು, ಬಂದರಲ್ಲಿ ಬೆವರು, ಬತ್ತೇರಿ ಕಟ್ಟೆಯಲ್ಲಿ ಕೂತು ಮಜ್ಜಿಗೆ ಹೀರು’ ಎಂದು ಹಾಡುತ್ತೀರಿ. ಆ ಪ್ರಾಸ ನನ್ನದು. ಇರಲಿ.

ಅವಳು ಅದನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ತಣ್ಣಗೆ ಅಂದಳು: “ಅಮ್ಮಾ, ಅವರು ಒಂದೊಂದು ಗೋಡೇನೂ ಗುರುತಿಸ್ತಾರೆ. ನನ್ನನ್ನ ಗುರುತಿಸ್ತಾರಾ ನೋಡ್ತೀನಿ. ಇಲ್ಲಾಂದ್ರೆ ಚುಪ್‌ಚಾಪ್ ವಾಪಸ್. ಮತ್ತೆ ಈ ಮನೇಲಿ ಅವರ ಹೆಸರು ಬೇಡ.”

ನಿಮಗೆ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಆಣೆ ಮುರಿದು ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಭಯ. ಹೋಟೆಲು ಮುಚ್ಚಿ ಊರಿಗೆ ಹೋಗೋಣ ಎಂದು ನೀವು, ಆಗುವುದಿಲ್ಲ ಎಂದು ನಾನು ಹಟ ಹಿಡಿದು, ಕೊನೆಗೆ ನೀವೊಬ್ಬರೇ ಹೊರಟಾಗ ಅವಳಿಗೆ ಒಂಬತ್ತು ವರ್ಷ. ಈಗ ಇಪ್ಪತ್ತೊಂದು. ಫೋಟೋ ಕಳಿಸು ಎಂದು ನೀವು ಕೇಳಲಿಲ್ಲ. ಕೇಳದೆ ಕಳಿಸುವಷ್ಟು ದೊಡ್ಡ ಮನಸ್ಸು ನನಗೂ ಬರಲಿಲ್ಲ. ನೀವು ಹೇಗೆ ಗುರುತಿಸುತ್ತೀರಿ?

ಗುರುತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಕೊಟ್ಟಿರುವ ಹೆಸರು ■■■■■. ಹಾಕಿಕೊಳ್ಳುವುದು ■■■■■ ಕುರ್ತಾ, ಹೆಗಲಿಗೆ ■■■■■■ ಚೀಲ. ಕೂದಲು ■■■■■■■■. ನಕ್ಕರೆ ಥೇಟ್ ನಿಮ್ಮ ಹಾಗೆ, ಅಂಗೈಯಿಂದ ಮೂಗು ಮುಚ್ಚಿಕೊಳ್ಳುತ್ತಾಳೆ.

ಫೋನು ಮಾಡುವಂತಿಲ್ಲ, ನನ್ನ ಮೊಬೈಲಿಗೆ ಯಜಮಾನಿ ಅವಳೇ. ಹಾಗಾಗಿ ನಮ್ಮ ಹೋಟೆಲಿನವರ ಹಳೆ ಅಂಚೆಯೇ ಗತಿ: ಅಡುಗೆಯ ವಾಮನಣ್ಣ ರಜೆಗೆ ಊರಿಗೆ ಹೊರಟಿದ್ದಾರೆ, ಶನಿವಾರ ನಿಮ್ಮ ಅಕ್ಕನ ಮನೆಗೆ ಗಂಟು ತಲುಪಿಸುತ್ತಾರೆ. ಗಂಟು ಕಟ್ಟಲು ನಿರೀಕ್ಷಾಳೇ ಕೂತಿದ್ದಾಳೆ. ಲಕೋಟೆಗೆ ಮೈದಾ ಅಂಟು ಬಳಿದು ಎಳ್ಳು-ಬೆಲ್ಲದ ಗಜಕದ ಡಬ್ಬಿಯ ತಳದಲ್ಲಿ ಇಡುತ್ತೇನೆ. ಅವಳಿಗೆ ಎಳ್ಳು ಆಗುವುದಿಲ್ಲ, ಮುಟ್ಟುವುದಿಲ್ಲ.

ಹಂಪನಕಟ್ಟೆಯ ಗಡಿಯಾರ ಗೋಪುರವನ್ನು ಕೆಡವಿದ ಮೇಲೆ ಮತ್ತೆ ಕಟ್ಟಿದ್ದಾರಂತೆ. ನಾನಿನ್ನೂ ನೋಡಿಲ್ಲ. ಚೆನ್ನಾಗಿದೆಯೇ?

ದಯವಿಟ್ಟು ಅವಳನ್ನು ಗುರುತಿಸಿ.

ಇತಿ,
ಲೋಲಾಕ್ಷಿ

ತಾ.ಕ.: ಪಪ್ಪಾ, ಇದು ನಿರೀಕ್ಷಾ. ಅಂಟು ಇನ್ನೂ ಹಸಿ ಇತ್ತು. ಲೆಟರ್ ಹರಿಯೋಣ ಅಂದ್ಕೊಂಡೆ, ಅಮ್ಮ ‘ದಯವಿಟ್ಟು’ ಅಂತ ಬರೆದಿದ್ದು ನೋಡಿ ಬಿಟ್ಟೆ. ಯಾರಿಗೂ ಅವಳು ಹಾಗೆ ಹೇಳಲ್ಲ. ಶಾಯಿ ಬಳಿದಿದ್ದು ನಾನು. ಗುಂಪಿನಲ್ಲಿ ನನ್ನ ಹೆಸರು ಕೂಗಬೇಡಿ, ನಾನು ತಿರುಗಲ್ಲ. ಒಂದು ಗುರುತು ಮಾತ್ರ ಅಳಿಸಿಲ್ಲ. ಬಾವುಟಗುಡ್ಡೆಯಿಂದ ಬತ್ತೇರಿವರೆಗೆ ಟೈಮ್ ಇದೆ. ನನ್ನನ್ನ ನಗಿಸಿ.