ನಡುಗೋಡೆಯ ಬಾಗಿಲು

ಕುವೈತ್
೯ ನವೆಂಬರ್ ೨೦೧೪

ನನ್ನ ಲುಲುವಾ,

ನಿನಗೂ ಮನೆಯವರಿಗೂ ಸಲಾಂ. ಉತ್ತರ ಬರೆಯಲು ತಡವಾಯಿತು, ಬೈಯಬೇಡ. ಬೈದರೂ ಬಹ್ರೇನಿನಿಂದ ನನಗೇನೂ ಕೇಳಿಸುವುದಿಲ್ಲ.

ನೀನು ಹೇಳಿದ ಹಾಗೇ ಮಾಡಿದೆ. ನಮ್ಮ ಹಳೇ ಓಣಿಯಲ್ಲಿ ನಿನ್ನ ಮನೆಗೂ ನನ್ನ ಮನೆಗೂ ನಡುಗೋಡೆಯಲ್ಲಿ ಹೆಂಗಸರ ಓಡಾಟಕ್ಕೊಂದು ಚಿಕ್ಕ ಬಾಗಿಲಿತ್ತಲ್ಲ, ಅಂಥದ್ದನ್ನೇ ಇಲ್ಲಿ ಪಕ್ಕದ ಮನೆಯ ಉಮ್ಮ್ ಜರ್ರಾಹಳ ಹಿತ್ತಲಿಗೆ ಇಡಿಸಿದೆ. ಮಗ ಮಿಶಾರಿ ಕೂಗಾಡಿದ.

"ಯುಮ್ಮಾ, ತಲೆ ಕೆಟ್ಟಿದೆಯಾ? ಲಕ್ಷಣವಾಗಿರೋ ಗೋಡೆ ಒಡೆಸ್ತೀಯಲ್ಲ! ಅವರ ಮನೆಗೆ ಹೋಗ್ಬೇಕಂದ್ರೆ ಡ್ರೈವರ್ ಇಲ್ವಾ?"

"ಪಕ್ಕದ ಮನೆಗೂ ಕಾರಲ್ಲಿ ಹೋಗಿ ಹೋಗೀನೇ ಈ ಗತಿ ಬಂದಿರೋದು. ಬಾಯ್ಮುಚ್ಚು" ಅಂದೆ.

ಈ ಬಡಾವಣೆಗೆ ಬಂದ ಮೇಲೆ ಕಾಲಿಗೆ ಕೆಲಸವೇ ಇಲ್ಲ. ಅಂಗಡಿ ಮುಂದೆ ಹಾರ್ನ್ ಹೊಡೆದರೆ ಮೊಸರು ಕಾರಿನ ಕಿಟಕಿಗೇ ಬರುತ್ತದೆ. ಊಟ ಬಾಗಿಲಿಗೆ ಬರುತ್ತದೆ. ಡಾಕ್ಟರು "ಕಮ್ಮಿ ತಿನ್ನಿ ಅಜ್ಜಿ" ಎನ್ನುತ್ತಾನೆ. ಕತ್ತೆ! ಓಣಿಯಲ್ಲಿ ನಾವು ತಿಂದಷ್ಟು ಅನ್ನ ಇವನ ಇಡೀ ಮನೆ ತಿಂದಿರಲಿಕ್ಕಿಲ್ಲ. ಆದರೆ ತಿಂದದ್ದು ಮೈಯಲ್ಲಿ ನಿಲ್ಲಲು ನಾವೆಲ್ಲಿ ಕೂತಿದ್ದೆವು?

ನನ್ನ ಆಸೆ ನಿನಗೆ ಗೊತ್ತಲ್ಲ. ಈ ಮೈಭಾರಕ್ಕೆ ಬಗ್ಗಲಾಗದೆ ಎಷ್ಟೋ ವರ್ಷದಿಂದ ಕುರ್ಚಿಯಲ್ಲಿ ಕೂತೇ ನಮಾಜು. ಸಾಯುವ ಮುಂಚೆ ಒಮ್ಮೆಯಾದರೂ ಹಣೆ ನೆಲಕ್ಕೆ ಮುಟ್ಟಿಸಬೇಕು.

ಮೊದಲ ದಿನ ಉಮ್ಮ್ ಜರ್ರಾಹ, "ಅಯ್ಯೋ, ನೀನು ತೂರಲ್ಲ ಕಣೇ, ಇನ್ನೊಂದು ಮೊಳ ಒಡೆಸು" ಎಂದು ಬಿದ್ದು ಬಿದ್ದು ನಕ್ಕಳು. ಅಡ್ಡ ತಿರುಗಿ ತೂರಿದೆ. ಈಗ ದಿನಾ ಸಂಜೆ ಇಬ್ಬರೂ ಅವಳ ಖರ್ಜೂರದ ಗಿಡಗಳನ್ನು ಸುತ್ತುತ್ತ ಜಗಳವಾಡುತ್ತೇವೆ. ಅವಳ ಸಕ್ಕರೆ ಪಾಕದಂಥ ಚಹಾವನ್ನು ಅವಳು ನೋಡದಾಗ ಬುಡಕ್ಕೆ ಸುರಿಯುತ್ತೇನೆ.

ಲುಲುವಾ, ಮೊನ್ನೆ ಶುಕ್ರವಾರ ನನ್ನ ಹಣೆ ನೆಲ ಮುಟ್ಟಿತು. ಜಮಖಾನದ ಉಣ್ಣೆಯ ವಾಸನೆ ಮೂಗಿಗೆ ಬಂತು. ಅತ್ತುಬಿಟ್ಟೆ. ನಿನ್ನ ಉಪಕಾರ ಮರೆಯುವವಳಲ್ಲ ನಾನು. ದೇವರು ನಿನ್ನ ಕಾಲಿಗೆ ಬಲ ಕೊಡಲಿ, ನಿನ್ನ ಮನೆ ತುಂಬಿರಲಿ.

ನಿನ್ನ
ಸಬೀಕಾ

ತಾ.ಕ.: ಯಾರಿಗೂ ಹೇಳಬೇಡ. ಹಣೆ ಮುಟ್ಟಿದ ಮೇಲೆ ಏಳಲಾಗಲಿಲ್ಲ. ಕೂಗಿದೆ. ಮಿಶಾರಿ ಬಂದ. ನನ್ನನ್ನು ಎತ್ತಲು ಬಗ್ಗಿದ, ಹೊಟ್ಟೆ ಅಡ್ಡ ಬಂತು, ಏದುಸಿರು ಬಿಡುತ್ತ ನನ್ನ ಪಕ್ಕದಲ್ಲೇ ಕುಸಿದು ಕೂತ. "ನನ್ನ ಕೈಲಾಗ್ತಿಲ್ಲ, ಯುಮ್ಮಾ" ಅಂದ. ಅಡುಗೆಯವಳು ಬಂದು ಇಬ್ಬರನ್ನೂ ಎಬ್ಬಿಸಿದಳು. ಅವನಿಗಿನ್ನೂ ಮೂವತ್ತೊಂದು. ಹುಟ್ಟಿದ್ದೇ ಈ ಬಡಾವಣೆಯಲ್ಲಿ. ನನಗಾದರೆ ನಡೆದ ನೆನಪಿದೆ, ಲುಲುವಾ. ಅವನಿಗೆ ನಾನು ಏನನ್ನು ನೆನಪಿಸಲಿ?